ಹೆಸರಿನ ನಂಬರ್ ದೊಡ್ಡದಿದ್ರ ಫೋನೂ ಹೊಸದೇನ್ರಿ? ಎಸ್, ಟಿ, ಎಸ್‌ಇ, ಎಫ್‌ಇ ಲೆಕ್ಕ ತಿಳಸ್ರಿ

ಗಂಗಾವತಿ_ಸೋನಾಮಸೂರಿ

ನಮಸ್ಕಾರ್ರೀ. ಸೆಕೆಂಡ್ ಹ್ಯಾಂಡ್ ಫೋನ್ ತಗೊಳೋದೈತಿ. ಕಣ್ಣಿಗೆ ಬಿದ್ದಾವು ನಾಲ್ಕು: ರೆಡ್ಮಿ ನೋಟ್ 10ಎಸ್, ರೆಡ್ಮಿ ನೋಟ್ 11 ಎಸ್‌ಇ, ಸ್ಯಾಮ್‌ಸಂಗ್ ಎ52ಎಸ್, ಎ53. ನೋಟ್ 11 ಅಂದ್ರ 10ರ ಮುಂದಿಂದು, ಅದಕ್ಕ ಒಂದೂವರೆ ಸಾವಿರ ಜಾಸ್ತಿ ಅಂತಾರ. ಎ53ಗೂ ಅದ ಮಾತು. ನಂಬರ್ ದೊಡ್ಡದಿದ್ರ ಫೋನ್ ಛಲೋ ಅಂತ ಹಿಡೀಬಹುದೇನು? ಈ ಎಸ್, ಟಿ, ಎಸ್‌ಇ, ಎಫ್‌ಇ ಬಾಲಕ್ಕ ಏನರ ಲೆಕ್ಕ ಐತೋ, ಸುಮ್ನ ಹಚ್ಚಿರ್ತಾರೋ? ನಾಳೆ ಡಿಸ್‌ಪ್ಲೇ ಒಡದ್ರ ಯಾವ ಹೆಸರು ಹೇಳಿ ತರಸಬೇಕು?

ಕೃಷ್ಣಾತೀರ_ರಾಯಚೂರು

ಮೊದಲ ರೆಡ್ಮಿ ಮಾತು ಮುಗಸ್ತೀನಿ. ನಮ್ಮ ದೇಶದಾಗ ಮಾರಿದ ನೋಟ್ 11 ಎಸ್‌ಇ ಅಂದ್ರ ನೋಟ್ 10ಎಸ್ಸೇ. ಅದೇ ಹೀಲಿಯೊ ಜಿ95 ಚಿಪ್, ಅದೇ 6.43 ಇಂಚಿನ ಅಮೋಲೆಡ್ ಪರದೆ, ಅದೇ 64 ಮೆಗಾಪಿಕ್ಸೆಲ್ ಕ್ಯಾಮೆರಾ, ಅದೇ 5,000 ಎಂಎಎಚ್ ಬ್ಯಾಟರಿ. 10ಎಸ್ ಬಂದದ್ದು 2021ರ ಮೇ ತಿಂಗಳಾಗ, 11 ಎಸ್‌ಇ 2022ರ ಆಗಸ್ಟ್‌ದಾಗ. ಹೆಸರಿನ 11ಕ್ಕ ಒಂದು ರೂಪಾಯಿ ಸೈತ ಜಾಸ್ತಿ ಕೊಡಬ್ಯಾಡ್ರಿ. ಆದ್ರ ಬಿಲ್ ತಾರೀಖು ನೋಡ್ರಿ. ಒಂದು ವರ್ಷ ಕಮ್ಮಿ ಬಳಸಿದ್ದಾದ್ರ ಬ್ಯಾಟರಿ ಅಷ್ಟು ಹೊಸದಿರ್ತದ, ಅದಕ್ಕ ಐದುನೂರು ಜಾಸ್ತಿ ಕೊಟ್ರ ತಪ್ಪಲ್ಲ.

ಬಾಲಕ್ಕ ಕಂಪನಿಗೊಂದು ಅರ್ಥ. ಆ್ಯಪಲ್‌ದಾಗ 3ಜಿಎಸ್‌ದಿಂದ 6ಎಸ್ ತನಕ ಎಸ್ ಅಂದ್ರ ಹೆಚ್ಚುಕಮ್ಮಿ ಹಿಂದಿನ ವರ್ಷದ ಮೈ, ಒಳಗ ವೇಗದ ಚಿಪ್. ಒನ್‌ಪ್ಲಸ್ 3ಟಿ, 5ಟಿ ಅಂದ್ರ ಅದೇ ಫೋನಿನ ಸುಧಾರಿಸಿದ ರೂಪ, ಅರ್ಧ ವರ್ಷದೊಳಗ ಬಂದದ್ದು. ಈ ಲೆಕ್ಕ ರೆಡ್ಮಿಗೆ ಹಚ್ಚಿದ್ರ ಕೆಡ್ತೀರಿ. ನೋಟ್ 10ಕ್ಕ ಸ್ನ್ಯಾಪ್‌ಡ್ರ್ಯಾಗನ್ 678 ಚಿಪ್, ಅಮೋಲೆಡ್ ಪರದೆ. ನೋಟ್ 10ಟಿ 5ಜಿ ಅಂದ್ರ ಡೈಮೆನ್ಸಿಟಿ 700, 6.5 ಇಂಚಿನ ಎಲ್‌ಸಿಡಿ, ಬ್ಯಾರೇನೇ ಫೋನು. ಅದಕ್ಕ ಖರೇ ಅಣ್ಣತಮ್ಮ ಪೋಕೊ ಎಂ3 ಪ್ರೊ 5ಜಿ. ಇನ್ನೊಂದು ತೊಡಕು: ಹೊರದೇಶದಾಗ 108 ಮೆಗಾಪಿಕ್ಸೆಲ್ ಕ್ಯಾಮೆರಾ ಇರೋ ನೋಟ್ 10 ಪ್ರೊ ನಮ್ಮಲ್ಲಿ ನೋಟ್ 10 ಪ್ರೊ ಮ್ಯಾಕ್ಸ್ ಆಗ್ಯದ. ನಮ್ಮ 10 ಪ್ರೊಗೆ ಇರೋದು 64. ಪರದೇಶದ ವಿಡಿಯೊ ನೋಡಿ ತಗೊಂಡ್ರ ಇಲ್ಲೇ ಮೋಸ.

ಸ್ಯಾಮ್‌ಸಂಗ್‌ದಾಗ ಎಫ್‌ಇ ಅಂದ್ರ ಫ್ಯಾನ್ ಎಡಿಷನ್. ಎಸ್21 ಬಂದು ವರ್ಷ ಆದಮ್ಯಾಲೆ, 2022ರ ಜನವರಿಯಾಗ ಎಸ್21 ಎಫ್‌ಇ ಬಂತು, ಮುಂದಿನ ತಿಂಗಳೇ ಎಸ್22. ಇದನ್ನೇ 2023ರಾಗ ಎಕ್ಸಿನೋಸ್ ಚಿಪ್ ತಗದು ಸ್ನ್ಯಾಪ್‌ಡ್ರ್ಯಾಗನ್ 888 ಹಾಕಿ ಇಲ್ಲಿ ಮತ್ತ ಬಿಟ್ರು, ಹೆಸರು ಅದೇ ಇಟ್ಟು! ಹಂಗಾಗಿ ಚಿಪ್ ಕೇಳದೇ ಎಫ್‌ಇ ತಗೋಬ್ಯಾಡ್ರಿ.

ಬಳ್ಳಾರಿ_ಏಕಶಿಲೆ

ಸ್ಯಾಮ್‌ಸಂಗ್ ಎ ಸರಣಿಯನ್ನು ಒಂದೇ ನಂಬರ್ ಅಂತ ಓದಬಾರದು, ಎರಡು ಅಂಕಿ ಬಿಡಿಸಿ ಓದ್ಬೇಕು. ಮೊದಲನೇದು ಅಂತಸ್ತು, ಎರಡನೇದು ಪೀಳಿಗೆ. ಎ53 2022ರದು, ಎ54 2023, ಎ55 2024, ಎ56 2025. ಅಂದ್ರೆ ಎ35 ಅನ್ನೋದು ಎ54ಗಿಂತ ಹೊಸದು, ಆದ್ರೆ ಒಂದು ಮೆಟ್ಟಿಲು ಕೆಳಗಿಂದು. ಬಹಳ ಜನ ಎಡವೋದು ಇಲ್ಲೇ.

ನಿಮ್ಮ ಎ52ಎಸ್, ಎ53 ವಿಷಯದಲ್ಲಿ ನಂಬರ್ ದೊಡ್ಡದಿರೋದೇ ನಿಧಾನ. ಎ52ಎಸ್‌ಗೆ ಸ್ನ್ಯಾಪ್‌ಡ್ರ್ಯಾಗನ್ 778ಜಿ, ಎ53ಗೆ ಎಕ್ಸಿನೋಸ್ 1280. ಗೇಮ್ ಆಡೋರಿಗೆ ಎ52ಎಸ್ ವಾಸಿ, ಹೆಡ್‌ಫೋನ್ ತೂತೂ ಐತೆ, ಎ53ಯಲ್ಲಿ ಅದನ್ನ ತೆಗೆದುಬಿಟ್ಟಿದ್ದಾರೆ. ಆದ್ರೆ ಎ52ಎಸ್‌ಗೆ ಆಂಡ್ರಾಯ್ಡ್ 14 ಕೊನೇದು, ಎ53ಗೆ 16ರ ತನಕ. ಎರಡು ವರ್ಷಕ್ಕಿಂತ ಹೆಚ್ಚು ಇಟ್ಕೊಳ್ಳೋದಾದ್ರೆ ನಾನು ಎ53 ಅಂತೀನಿ. ಬ್ಯಾಂಕ್ ಆ್ಯಪ್, ಯುಪಿಐ ಓಡ್ಬೇಕಲ್ಲ.

ಪಾರ್ಟ್ಸ್ ತರಿಸುವಾಗ ಅಂಗಡಿಯಲ್ಲಿ ಕರೆಯೋ ಫೋನಿನ ಹೆಸರು ಮರೆತುಬಿಡಿ, ಮಾಡೆಲ್ ನಂಬರ್ ಹೇಳಿ. ಸೆಟ್ಟಿಂಗ್ಸ್, ಅಬೌಟ್ ಫೋನ್ ಒಳಗೆ ಸಿಗುತ್ತೆ. ಎ52 4ಜಿ ಅಂದ್ರೆ ಎಸ್‌ಎಂ-ಎ525, ಎ52 5ಜಿ 526, ಎ52ಎಸ್ 528, ಎ53 536. ಈ ಸರಣಿಯಲ್ಲಿ ಕೊನೆ ಅಂಕಿ 5 ಇದ್ರೆ ಸಾಮಾನ್ಯವಾಗಿ 4ಜಿ, 6 ಇದ್ರೆ 5ಜಿ. ಅಂಕಿ ಆದಮೇಲೆ ಬರೋ ಅಕ್ಷರ ಯಾವ ಮಾರುಕಟ್ಟೆಗೆ ಅನ್ನೋದು. ರೆಡ್ಮಿ ಮಾಡೋ ಶಾವೋಮಿಯಲ್ಲಿ ನಂಬರ್ ಒಳಗೇ ಕಾಲ ಇರುತ್ತೆ: 2201117ಟಿಐ ನಮ್ಮ ನೋಟ್ 11. 22 ವರ್ಷ, 01 ತಿಂಗಳು, ಕೊನೆ ಐ ಭಾರತ. ನಂಬರಿನಲ್ಲಿರೋ ತಿಂಗಳು ಬಿಡುಗಡೆಗಿಂತ ಮುಂಚಿನದಿರಬಹುದು, ಅಷ್ಟು ವ್ಯತ್ಯಾಸ ಹಿಡ್ಕೊಳ್ರಿ.

ಟೆಂಪರ್ಡ್ ಗ್ಲಾಸೂ ನಂಬರ್ ಪ್ರಕಾರ ದೊಡ್ಡದಾಗಲ್ಲ. ಎ53 6.5 ಇಂಚು, ಎ54 6.4, ಎ55 6.6.

ಗಂಗಾವತಿ_ಸೋನಾಮಸೂರಿ

ಭಾರಿ ಉಪಕಾರ ಆತ್ರಿ. ಇನ್ನೊಂದು. ಡಬ್ಬಿನೂ ಇಲ್ಲ, ಬಿಲ್ಲೂ ಇಲ್ಲ ಅಂದ್ರ ಅಬೌಟ್‌ನ್ಯಾಗ ಬರೆದಿದ್ದು ನಂಬಬಹುದಾ? ಮನ್ಯಾಗ ಐಫೋನ್ ಬೇಕಂತಾರ, ಅದಕ್ಕೂ ಹಿಂಗ ನೋಡೋದಾ?

ಕೃಷ್ಣಾತೀರ_ರಾಯಚೂರು

ಅಬೌಟ್ ಒಂದನ್ನೇ ನಂಬಬ್ಯಾಡ್ರಿ, ನಕಲಿ ಫೋನಿನಾಗ ಅದನ್ನೂ ಬದಲಿ ಮಾಡಿರ್ತಾರ. *#06# ಒತ್ರಿ, 15 ಅಂಕಿ ಐಎಂಇಐ, ಅಂದ್ರ ಫೋನಿನ ಗುರುತಿನ ನಂಬರ್, ಬರ್ತದ. ಇಂಗ್ಲಿಷ್ ದೊಡ್ಡಕ್ಷರದಾಗ ಕೆ, ವೈ, ಎಂ ಬರದು, ಒಂದು ಜಾಗ ಬಿಟ್ಟು ಆ 15 ಅಂಕಿ ಹಾಕಿ 14422ಗೆ ಎಸ್‌ಎಂಎಸ್ ಕಳಸ್ರಿ. ಕಂಪನಿ, ಮಾಡೆಲ್ ಉತ್ತರ ಬರ್ತದ. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಾಗೂ ನೋಡಬಹುದು. ಕಪ್ಪುಪಟ್ಟಿ, ಡೂಪ್ಲಿಕೇಟ್, ಈಗಾಗಲೇ ಬಳಕೆಯಲ್ಲಿ ಅಂತ ಬಂದ್ರ ಅಲ್ಲೇ ಇಟ್ಟು ಬರ್ರಿ. ಎರಡು ಸಿಮ್ ಫೋನಿಗೆ ಐಎಂಇಐ ಎರಡಿರ್ತಾವ, ಎರಡನ್ನೂ ಕಳಸ್ರಿ. ಇನ್ನ ಗ್ಯಾಲಕ್ಸಿ ಎಸ್11 ಅಂತ ಯಾರರ ತಂದ್ರ ಪರೀಕ್ಷೆನೇ ಬ್ಯಾಡ. 2019ರ ಎಸ್10 ಆದಮ್ಯಾಲೆ 2020ರಾಗ ನೇರ ಎಸ್20ಗೆ ಹಾರ್‍ಯಾರ. ಐಫೋನ್ 9 ಅನ್ನೋದೂ ಇಲ್ಲ.

ಐಫೋನ್‌ದಾಗ ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋಗಿ ಮಾಡೆಲ್ ನಂಬರಿನ ಮೊದಲ ಅಕ್ಷರ ನೋಡ್ರಿ. ಎಂ ಇದ್ರ ಹೊಸದಾಗಿ ಮಾರಿದ್ದು, ಎಫ್ ಇದ್ರ ರಿಫರ್ಬಿಶ್ (ರಿಪೇರಿ ಮಾಡಿ ಮತ್ತ ಮಾರಿದ್ದು), ಎನ್ ಇದ್ರ ಸರ್ವಿಸ್‌ದಾಗ ಬದಲಿ ಕೊಟ್ಟದ್ದು. ಅಲ್ಲೇ ಒಮ್ಮೆ ಒತ್ತಿದ್ರ ಎ ಅಕ್ಷರದಿಂದ ಶುರು ಆಗೋ ನಂಬರ್ ಬರ್ತದ, ಪಾರ್ಟ್ಸ್‌ಗೆ ಅದು ಬೇಕು. ದುಡ್ಡಿನ ಲೆಕ್ಕದಾಗ ಒಂದು ಮಾತು: 14 ಮತ್ತು 14 ಪ್ಲಸ್‌ಗೆ 13ರ ಪೀಳಿಗೆಯ ಎ15 ಚಿಪ್ಪೇ, ಹೊಸ ಎ16 ಇದ್ದದ್ದು 14 ಪ್ರೊ, ಪ್ರೊ ಮ್ಯಾಕ್ಸ್‌ಗೆ. 13 ಅಗ್ಗ ಸಿಕ್ರ 14ರ ಹಿಂದ ಬೀಳೋ ಅಗತ್ಯ ಇಲ್ಲ.

ಬಳ್ಳಾರಿ_ಏಕಶಿಲೆ

ಡಿಸ್‌ಪ್ಲೇ ಬಗ್ಗೆ ಒಂದು ಸೇರಿಸ್ತೀನಿ. ಎ52ಎಸ್, ಎ53 ಎರಡಕ್ಕೂ ಬೆರಳಚ್ಚು ಪರದೆ ಒಳಗೇ ಐತೆ. ಅಗ್ಗ ಅಂತ ಟಿಎಫ್‌ಟಿ ಕಾಂಬೊ (ಎಲ್‌ಸಿಡಿ ಥರದ ಪರದೆ, ಟಚ್ ಗ್ಲಾಸ್ ಸೇರಿಸಿದ್ದು) ಹಾಕಿಸಿದ್ರೆ ಚಿತ್ರ ಬರುತ್ತೆ, ಬೆರಳಚ್ಚು ಕೆಲಸ ಮಾಡಲ್ಲ. ಬೆಂಗಳೂರಿಂದನೋ ಹೈದರಾಬಾದಿಂದನೋ ಬಂದ ಕಾಂಬೊವನ್ನ ಗಮ್ ಹಾಕೋ ಮೊದಲು ಬರೀ ಸ್ಟ್ರಿಪ್ (ಪರದೆಯನ್ನ ಬೋರ್ಡಿಗೆ ಜೋಡಿಸೋ ಪಟ್ಟಿ) ಸಿಗಿಸಿ ನೋಡ್ರಿ: ಟಚ್ ನಾಲ್ಕೂ ಮೂಲೆಗೆ ಎಳೆದು, ಬೆಳಕು ಪೂರ್ತಿ ಕಮ್ಮಿ ಮಾಡಿ. ರಕ್ಷಣೆ ಸ್ಟಿಕ್ಕರ್ ಕಿತ್ತಮೇಲೆ ವಾಪಸ್ ತಗೊಳ್ಳೋರು ಅಪರೂಪ.