ಪ್ರಾಗ್‌ನಲ್ಲಿ ಬೆಳಗಿನ ಫೋಟೋ ತೆಗೆಯಲು ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನವೆಂಬರ್ ಎರಡನೇ ವಾರ ಪ್ರಾಗ್‌ಗೆ ಹೋಗುತ್ತಿದ್ದೇನೆ, ಎರಡನೇ ಸಲ. ಯುರೋಪಿನಲ್ಲಿ ನನಗೆ ಇಷ್ಟು ಹಿಡಿಸಿದ ಊರು ಇನ್ನೊಂದಿಲ್ಲ.

ಹೋದ ಸಲ ಚಾರ್ಲ್ಸ್ ಸೇತುವೆ ತಲುಪುವಾಗ ಬೆಳಿಗ್ಗೆ ಹತ್ತಾಗಿತ್ತು. ಕಾಲಿಡಲೂ ಜಾಗವಿಲ್ಲ. 1357ರಲ್ಲಿ ಕಟ್ಟಲು ಶುರು ಮಾಡಿದ ಸೇತುವೆ ಅದು, ಎರಡೂ ಬದಿ ಸೇರಿ 30 ಪ್ರತಿಮೆಗಳಿವೆ. ಒಂದನ್ನೂ ನೆಮ್ಮದಿಯಾಗಿ ತೆಗೆಯಲು ಆಗಲಿಲ್ಲ. ಮನಸ್ಸಿಗೆ ಹಿಡಿಸಿದ್ದು ಒಂದೇ ಫೋಟೋ. ಸಂತ ನೆಪೊಮುಕ್ ಪ್ರತಿಮೆಯ ಬುಡದ ಫಲಕ ಜನ ಮುಟ್ಟಿ ಮುಟ್ಟಿ ಚಿನ್ನದ ಹಾಗೆ ಹೊಳೆಯುತ್ತದೆ, ಸುತ್ತ ಮಾತ್ರ ಕಪ್ಪು. ಆ ಹೊಳಪಿನ ಮೇಲೆ ಒಬ್ಬ ಅಜ್ಜಿಯ ಸುಕ್ಕುಗಟ್ಟಿದ ಕೈ.

ಈ ಸಲ ಸೂರ್ಯ ಹುಟ್ಟುವ ಮೊದಲೇ ಅಲ್ಲಿರಬೇಕು. ವ್ಲ್ತಾವಾ ನದಿಯ ಮಂಜು, ಗ್ಯಾಸ್ ದೀಪಗಳು, ಒದ್ದೆ ಕಲ್ಲುಹಾಸು, ಇಷ್ಟು ಸಿಕ್ಕರೆ ಸಾಕು. ಯೋಸೆಫ್ ಸುಡೆಕ್ ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡೂ ಭಾರದ ಕ್ಯಾಮೆರಾ ಹೊತ್ತು ಇದೇ ಊರನ್ನು ಸೆರೆಹಿಡಿದವರು. ಅವರ ಫೋಟೋಗಳಲ್ಲಿರುವ ಆ ಮೆತ್ತನೆ ಬೆಳಕನ್ನು ನಾನೂ ನೋಡಬೇಕು.

ಅಲ್ಲಿ ಇರುವವರು, ಹೋಗಿ ಬಂದವರು ಹೇಳಿ: ಓಲ್ಡ್ ಟೌನ್ ಕಡೆ ಗೋಪುರ ಬೆಳಕಿಗೆದುರಾಗಿ ಕಪ್ಪಾಗಿ ಕಾಣಬೇಕಾದರೆ ಸೇತುವೆಯ ಯಾವ ಭಾಗದಲ್ಲಿ ನಿಲ್ಲಬೇಕು? ಸೇತುವೆಗಳು ಸಾಲಾಗಿ ಕಾಣುವ ಲೆಟ್ನಾ ಗುಡ್ಡಕ್ಕೆ ಬೆಳಗ್ಗೆ ಒಳ್ಳೆಯದಾ, ಸಂಜೆಯಾ? ಚಳಿಗೆ ಬ್ಯಾಟರಿ ಬೇಗ ಇಳಿಯುತ್ತೆ ಅಲ್ವಾ, ಎಷ್ಟು ಜಾಸ್ತಿ ಒಯ್ಯಲಿ? ನಸುಕಿನಲ್ಲಿ ಒಂಟಿ ಹೆಂಗಸು ಟ್ರೈಪಾಡ್ ಹಿಡಿದು ಓಡಾಡಬಹುದಾ, ಅದನ್ನೂ ದಯವಿಟ್ಟು ತಿಳಿಸಿ.