ವೇಗದ ಪಟ್ಟಿ ಮತ್ತು ಹೊಟ್ಟೆಯ ಲೆಕ್ಕ

ನಮ್ಮ ಹತ್ತನೇ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುವುದು ರೂಢಿ. ಕನ್ನಡ ಲಿಪಿಯಲ್ಲಿ, ಪೂರ್ಣ ವಾಕ್ಯಗಳಲ್ಲಿ ಬರೆಯಬೇಕೆಂಬುದು ಅಡ್ಮಿನ್ ಆಗಿರುವ ನೀರ್ಚಾಲಿನವನ ಕಟ್ಟುನಿಟ್ಟು. ಕುಟುಂಬಸಮೇತ ಪ್ರವಾಸ ಎಲ್ಲಿಗೆ, ಕೊಚ್ಚಿಯ ವಂಡರ್‌ಲಾ ಮನರಂಜನಾ ಉದ್ಯಾನಕ್ಕೋ ಬೆಂಗಳೂರಿನದಕ್ಕೋ ಎಂಬ ಮಾತು ನಡೆಯುತ್ತಿದ್ದಾಗ ಪೆರ್ಲದವನು ಜಗತ್ತಿನ ರೋಲರ್ ಕೋಸ್ಟರ್‌ಗಳನ್ನು ವೇಗದ ಕ್ರಮದಲ್ಲಿ ಜೋಡಿಸಿದ ಒಂದು ಚಿತ್ರವನ್ನು ಹಾಕಿದ. ಅಲ್ಲಿಂದ ಹೊತ್ತಿಕೊಂಡ ವಾದವನ್ನು, ನಡುನಡುವೆ ಬಂದ ಶುಭೋದಯದ ಚಿತ್ರಗಳನ್ನು ಬಿಟ್ಟು, ಇಲ್ಲಿ ಕೊಡುತ್ತಿದ್ದೇನೆ.

ಪೆರ್ಲ: ಈ ಪಟ್ಟಿಯನ್ನು ನೋಡಿದ ಮೇಲೂ ಕೊಚ್ಚಿಯೋ ಬೆಂಗಳೂರೋ ಎಂದು ನೀವು ಚರ್ಚಿಸುವುದಾದರೆ ನನಗೆ ಹೇಳಲು ಏನೂ ಇಲ್ಲ. ಅಬುಧಾಬಿಯ ಫೆರಾರಿ ವರ್ಲ್ಡ್‌ನಲ್ಲಿ 2010ರಲ್ಲಿ ಆರಂಭವಾದ ಫಾರ್ಮುಲಾ ರೊಸ್ಸಾದಲ್ಲಿ ನಾನು ಕುಳಿತಿದ್ದೇನೆ. ಐದು ಸೆಕೆಂಡು ತುಂಬುವುದರೊಳಗೆ ಗಂಟೆಗೆ 240 ಕಿಲೋಮೀಟರ್ ವೇಗ. ಮರಳೋ ಕೀಟವೋ ಕಣ್ಣಿಗೆ ಬಡಿಯಬಾರದೆಂದು ಮುಂಚಿತವಾಗಿ ಕನ್ನಡಕ ತೊಡಿಸುತ್ತಾರೆ. ಅದನ್ನು ಹತ್ತಿ ಇಳಿದವನಿಗೆ ನಮ್ಮ ದೇಶದ್ದೆಲ್ಲ ಮಕ್ಕಳಾಟ.

ಬದಿಯಡ್ಕ: ನಿನ್ನ ಪಟ್ಟಿ ಹಳತು, ಮಾರಾಯ. ಅದರಲ್ಲಿ ಎರಡನೆಯ ಸ್ಥಾನದಲ್ಲಿರುವ, 139 ಮೀಟರ್ ಎತ್ತರದ ಕಿಂಗ್ಡಾ ಕಾ 2024ರಲ್ಲಿಯೇ ನಿಂತಿತು. ನ್ಯೂಜೆರ್ಸಿಯಲ್ಲಿ 2025ರ ಫೆಬ್ರವರಿಯಲ್ಲಿ ಅದನ್ನು ಸ್ಫೋಟಿಸಿ ಕೆಡವಿಯೂ ಆಯಿತು. ಅದು ಹೋಗಲಿ. ನಾನು ಮುಂಬೈಯಲ್ಲಿರುವವಳು, ಖೋಪೋಲಿಯ ಇಮ್ಯಾಜಿಕಾ ಉದ್ಯಾನದ ನೈಟ್ರೋವನ್ನು ಹತ್ತಿದ್ದೇನೆ. ಎತ್ತರ 40 ಮೀಟರ್, ವೇಗ 105. ನಿನ್ನ ಲೆಕ್ಕದಲ್ಲಿ ಅರ್ಧವೂ ಇಲ್ಲ. ಆದರೆ ಆಸನದ ಲಾಕ್ ಬಿದ್ದ ಮೇಲೆ ನಿಲ್ದಾಣದ ನೆಲವೇ ಕಾಲಿನ ಕೆಳಗಿನಿಂದ ಸರಿದುಹೋಗುತ್ತದೆ. ಚಪ್ಪಲಿಯಿಲ್ಲದ ಪಾದಗಳ ಕೆಳಗೆ ಬರಿಯ ಹಳಿ ಮಾತ್ರ ಓಡುತ್ತಿರುವುದನ್ನು ಕಾಣುತ್ತ ತಲೆಕೆಳಗಾಗುವಾಗ ವೇಗ ಎಷ್ಟೆಂದು ಯಾರೂ ಕೇಳುವುದಿಲ್ಲ.

ಪೆರ್ಲ: ನೆಲವಿಲ್ಲದಿರುವುದು ಕಣ್ಣಿಗೆ ಮಾಡುವ ಮೋಸ. ವೇಗವೆಂಬುದು ಅಳೆಯಬಹುದಾದ ಸತ್ಯ.

ಕುಂಬಳೆ: ನನಗೆ ಎರಡೂ ಬೇಡ. ನಾನು ಕೆಳಗೆ ನಿಂತು ಎಲ್ಲರ ಚೀಲ ಕಾಯುತ್ತೇನೆ.

ಮುಳ್ಳೇರಿಯ: ಪೆರ್ಲದವನ ಮಾತಿಗೆ ಉತ್ತರ ಕೊಡಲೇಬೇಕು, ಸ್ವಲ್ಪ ಉದ್ದವಾದರೆ ಅಡ್ಮಿನ್ ಕ್ಷಮಿಸಲಿ. ನಮ್ಮ ಮೈಗೆ ವೇಗವನ್ನು ಅರಿಯುವ ಅಂಗವೇ ಇಲ್ಲ. ಗಂಟೆಗೆ 800 ಕಿಲೋಮೀಟರ್ ಹೋಗುವ ವಿಮಾನದಲ್ಲಿ ನೀನು ಅಬುಧಾಬಿಯಿಂದ ನಿದ್ದೆ ಮಾಡುತ್ತ ಬರುವುದು ಅದಕ್ಕಾಗಿಯೇ. ಮೈ ಅರಿಯುವುದು ವೇಗದ ಮತ್ತು ದಿಕ್ಕಿನ ಬದಲಾವಣೆಯನ್ನು. ನಿನ್ನ ಫಾರ್ಮುಲಾ ರೊಸ್ಸಾದ ಆ ಐದು ಸೆಕೆಂಡಿನ ಲೆಕ್ಕ ಹಾಕಿ ನೋಡಿದರೆ ನಿನ್ನ ತೂಕದ ಸುಮಾರು 1.4 ಪಟ್ಟು ಬಲ ಬೆನ್ನನ್ನು ಆಸನಕ್ಕೆ ಒತ್ತಿರುತ್ತದೆ; ಅದು ನಿಜವಾಗಿಯೂ ದೊಡ್ಡ ಅನುಭವ, ಒಪ್ಪತಕ್ಕದ್ದೇ. ಆದರೆ ಅದು ಮುಗಿದ ಮೇಲೆ ಮುಖಕ್ಕೆ ಬಡಿಯುವುದು ಗಾಳಿಯೇ ಹೊರತು ವೇಗವಲ್ಲ. ಹೊಟ್ಟೆಯೊಳಗೆ ಏನೋ ಜಾರಿದಂತಾಗುವುದು ಬೇರೆಯದೇ ಸಂಗತಿ: ಬಂಡಿ ದಿಬ್ಬದ ನೆತ್ತಿಯನ್ನು ದಾಟಿ ಕೆಳಕ್ಕೆ ಬಾಗುವಾಗ ಮೈ ಇನ್ನೂ ಮೇಲಕ್ಕೇ ಹೋಗಲು ಹವಣಿಸುತ್ತದೆ, ಆಸನ ನಮ್ಮನ್ನು ಹೊರುವುದನ್ನು ನಿಲ್ಲಿಸುತ್ತದೆ, ಒಂದೆರಡು ಕ್ಷಣ ತೂಕವೇ ಇಲ್ಲದಂತಾಗುತ್ತದೆ. ಬಂಡಿಯೇ ಹಳಿ ಬಿಟ್ಟು ಹಾರದಿರಲು ಹಳಿಯ ಅಡಿಯಿಂದಲೂ ಒಂದು ಚಕ್ರ ಹಿಡಿದಿರುತ್ತದೆ. ಅಮೆರಿಕದ ಜಾನ್ ಮಿಲ್ಲರ್ ಅದಕ್ಕೆ 1919ರಲ್ಲಿ ಪೇಟೆಂಟ್ ಪಡೆದ ಮೇಲೆಯೇ ಕಡಿದಾದ ದಿಬ್ಬಗಳನ್ನು ಧೈರ್ಯವಾಗಿ ಕಟ್ಟಲು ಸಾಧ್ಯವಾಯಿತು. ಈ ಅನುಭವಕ್ಕೆ 240 ಬೇಕಾಗಿಲ್ಲ, ದಿಬ್ಬದ ಆಕಾರ ಸರಿಯಿದ್ದರೆ 70 ಸಾಕು.

ಬದಿಯಡ್ಕ: ಅದೇ ಇಮ್ಯಾಜಿಕಾದಲ್ಲಿ ಡೀಪ್ ಸ್ಪೇಸ್ ಎಂಬ ಇನ್ನೊಂದಿದೆ, ಕಟ್ಟಡದೊಳಗಿನ ಕತ್ತಲಲ್ಲಿ ಓಡುತ್ತದೆ. ನೈಟ್ರೋಗಿಂತ ಬಹಳ ನಿಧಾನ. ಆದರೂ ನನ್ನ ಮಗಳು ಹೆದರಿದ್ದು ಅದಕ್ಕೇ, ಏಕೆಂದರೆ ತಿರುವು ಯಾವ ಕಡೆಗೆಂದು ಮೊದಲೇ ತಿಳಿಯದೆ ಮೈಯನ್ನು ಸಜ್ಜು ಮಾಡಿಕೊಳ್ಳಲಾಗುವುದಿಲ್ಲ.

ಮುಳ್ಳೇರಿಯ: ಹಾಗೆಯೇ. ಫ್ಲೋರಿಡಾದ ಡಿಸ್ನಿ ಉದ್ಯಾನದಲ್ಲಿ 1975ರಿಂದ ಜನರನ್ನು ಕಿರುಚಿಸುತ್ತಿರುವ ಸ್ಪೇಸ್ ಮೌಂಟನ್‌ನ ಗರಿಷ್ಠ ವೇಗ ಸುಮಾರು 45 ಕಿಲೋಮೀಟರ್ ಮಾತ್ರ. ತಲಪಾಡಿ ದಾಟಿದ ನಮ್ಮ ಮಂಗಳೂರು ಬಸ್ಸು ಅದಕ್ಕಿಂತ ಜೋರಾಗಿ ಹೋಗುತ್ತದೆ.

ಪೆರ್ಲ: ಕರಿಹಲಗೆಯ ಮುಂದೆ ನಿಂತು ಇದನ್ನೆಲ್ಲ ಹೇಳುವುದು ಸುಲಭ. ನೀನು ಹತ್ತಿದ್ದು ಯಾವುದನ್ನು?

ಮುಳ್ಳೇರಿಯ: ಶಾಲೆಯ ಮಕ್ಕಳ ಜೊತೆಗೆ ಬೆಂಗಳೂರಿನ ವಂಡರ್‌ಲಾದಲ್ಲಿ ರಿಕಾಯಿಲ್. ಬಂಡಿಯನ್ನು ಮೊದಲು ಹಿಮ್ಮುಖವಾಗಿ ಗೋಪುರಕ್ಕೆ ಎಳೆಯುತ್ತಾರೆ. ನಾವು ನೆಲವನ್ನು ನೋಡುತ್ತ ನೇತಾಡುವಾಗಲೇ ಬಿಟ್ಟುಬಿಡುತ್ತಾರೆ. ಮೂರು ಸಲ ತಲೆಕೆಳಗಾಗಿ ಎರಡನೆಯ ಗೋಪುರ ಏರಿ, ಆಕಾಶವನ್ನು ನೋಡುತ್ತ ಅಂಗಾತ ಕೂರುತ್ತೇವೆ. ಆಮೇಲೆ ಅದೇ ಹಳಿಯ ಮೇಲೆ, ಅದೇ ಮೂರು ಸುತ್ತುಗಳನ್ನು, ಬೆನ್ನು ಮುಂದಾಗಿ. ಹೋಗುವಾಗ ಕಂಡ ದಾರಿಯೇ ಬರುವಾಗ ಗುರುತು ಸಿಗುವುದಿಲ್ಲ.

ಕುಂಬಳೆ: ತಲೆಕೆಳಗಾದಾಗ ಕುತ್ತಿಗೆ ಉಳುಕುವುದಿಲ್ಲವೇ? ನನ್ನ ಭಯ ಬೀಳುವುದರದ್ದಲ್ಲ, ಕುತ್ತಿಗೆಯದ್ದು.

ಮುಳ್ಳೇರಿಯ: ನಿನ್ನ ಭಯಕ್ಕೆ ಚರಿತ್ರೆಯ ಬೆಂಬಲವಿದೆ. ನ್ಯೂಯಾರ್ಕ್‌ನ ಕೋನಿ ಐಲೆಂಡ್‌ನಲ್ಲಿ 1895ರಲ್ಲಿ ಫ್ಲಿಪ್ ಫ್ಲಾಪ್ ಎಂಬುದನ್ನು ಕಟ್ಟಿದಾಗ ಅದರ ಲೂಪ್, ಅಂದರೆ ಬಂಡಿ ತಲೆಕೆಳಗಾಗಿ ಸುತ್ತುವ ಹಳಿಯ ಉಂಗುರ, ಪೂರ್ಣ ವೃತ್ತಾಕಾರದ್ದಾಗಿತ್ತು. ನೇರ ಹಳಿಯಿಂದ ಒಮ್ಮೆಲೇ ವೃತ್ತಕ್ಕೆ ಹೊಕ್ಕಾಗ ಕೆಳಗಿನ ತುದಿಯಲ್ಲಿ ತೂಕದ ಹತ್ತು ಪಟ್ಟಿಗೂ ಮೀರಿದ ಹೊರೆ ಬೀಳುತ್ತಿತ್ತು, ಹತ್ತಿದವರ ಕುತ್ತಿಗೆ ನೋಯುತ್ತಿತ್ತು. ಈಗಿನ ಲೂಪ್ ಹನಿಯ ಆಕಾರದ್ದು. ಕೆಳಗೆ ಅಗಲ, ಮೇಲೆ ಕಿರಿದು. ಜರ್ಮನಿಯ ಎಂಜಿನಿಯರ್ ವರ್ನರ್ ಸ್ಟೆಂಗೆಲ್ ಲೆಕ್ಕ ಹಾಕಿದ ಈ ಆಕಾರ 1976ರಲ್ಲಿ ಕ್ಯಾಲಿಫೋರ್ನಿಯಾದ ರೆವಲ್ಯೂಷನ್‌ನಲ್ಲಿ ಬಂದ ಮೇಲೆ ತಲೆಕೆಳಗಾಗುವುದು ಸಾಮಾನ್ಯರಿಗೂ ಸಹ್ಯವಾಯಿತು. ಆದರೂ ಈ ರಿಕಾಯಿಲ್‌ನಂಥವುಗಳಲ್ಲಿ ಭುಜದ ಮೇಲೆ ಇಳಿಯುವ ಲಾಕಿಗೆ ಕಿವಿಯ ಪಕ್ಕ ತಾಗುವುದುಂಟು, ತಲೆಯನ್ನು ಹಿಂದಕ್ಕೆ ಒತ್ತಿ ಹಿಡಿದು ಕೂರಬೇಕು. ಕುತ್ತಿಗೆಯ ತೊಂದರೆ ಮೊದಲೇ ಇರುವವರು ಹತ್ತಬಾರದೆಂಬ ಫಲಕ ಅಲ್ಲಿ ಸುಮ್ಮನೆ ಹಾಕಿದ್ದಲ್ಲ.

ಕುಂಬಳೆ: ಅಂದರೆ ಚೀಲ ಕಾಯುವ ಕೆಲಸ ಖಾಯಂ ಆಯಿತು.

ನೀರ್ಚಾಲು: ಈಗ ಪ್ರವಾಸದ ವಿಷಯ. ಕೊಚ್ಚಿಯ ವಂಡರ್‌ಲಾ ಆದರೆ, ಅಂದರೆ ಹಳೆಯ ವೀಗಾಲ್ಯಾಂಡ್, ಅದು ಪಳ್ಳಿಕ್ಕರದಲ್ಲಿದೆ. ನಮ್ಮ ಬೇಕಲದ ಪಕ್ಕದ ಪಳ್ಳಿಕ್ಕರವೆಂದು ತಿಳಿದು ಯಾರೂ ರಿಕ್ಷಾ ಹಿಡಿಯಬೇಡಿ. ಬೆಂಗಳೂರಿನ ಕಡೆಗೇ ಹೆಚ್ಚು ಮಂದಿ ಒಲವು ತೋರಿಸಿರುವುದರಿಂದ ಅಲ್ಲಿಗೇ ಹೋಗೋಣ. ಪೆರ್ಲದವನು ಊರಿಗೆ ಬಂದಿರುತ್ತಾನೆ, ಅವನೂ ಬರಲಿ.

ಪೆರ್ಲ: ಬರುತ್ತೇನೆ, ಆದರೆ ನನ್ನ ಅಭಿಪ್ರಾಯ ಬದಲಾಗಿಲ್ಲ. ವೇಗವೇ ಮೊದಲು, ಉಳಿದದ್ದೆಲ್ಲ ಆಮೇಲೆ.

ಬದಿಯಡ್ಕ: ಹಾಗಾದರೆ ಕೂರುವ ಸಾಲಿನಿಂದ ಏನೂ ವ್ಯತ್ಯಾಸವಾಗುವುದಿಲ್ಲವೆಂದು ನೀನು ಒಪ್ಪಬೇಕಾಗುತ್ತದೆ, ಇಡೀ ಬಂಡಿಗೆ ವೇಗ ಒಂದೇ ತಾನೇ? ನೈಟ್ರೋದಲ್ಲಿ ನಾನು ಮುಂದಿನ ಸಾಲಿನಲ್ಲಿಯೂ ಕೊನೆಯ ಸಾಲಿನಲ್ಲಿಯೂ ಕುಳಿತಿದ್ದೇನೆ. ಮೊದಲ ಇಳಿಜಾರಿನಲ್ಲಿ ಮುಂದಿನವರು ತುದಿ ದಾಟಿಯೂ ಹಿಂದಿನ ಭಾರಕ್ಕೆ ತಡೆದು ನಿಂತಂತೆ ನೇತಾಡುತ್ತಾರೆ. ಹಿಂದಿನವರು ತುದಿಗೆ ಬರುವಷ್ಟರಲ್ಲಿ ಬಂಡಿ ವೇಗ ಹಿಡಿದಾಗಿರುತ್ತದೆ, ಅವರನ್ನು ಆಸನದಿಂದ ಎತ್ತಿ ಕೆಳಕ್ಕೆ ಎಳೆದುಕೊಂಡು ಹೋಗುತ್ತದೆ. ಒಂದೇ ಬಂಡಿ, ಎರಡು ಸವಾರಿ.

ಪೆರ್ಲ: ನಾನು ಮುಂದಿನ ಸಾಲಿನಲ್ಲಿ ಕೂರುವವನು. ಹಿಂದಿನ ಸಾಲನ್ನು ಮುಳ್ಳೇರಿಯದ ಮಾಷ್ಟ್ರಿಗೆ ಬಿಟ್ಟುಕೊಟ್ಟಿದ್ದೇನೆ.

ಮುಳ್ಳೇರಿಯ: ಧಾರಾಳವಾಗಿ ಕೂರು, ಮಾರಾಯ. ರಿಕಾಯಿಲ್‌ನ ಎರಡನೆಯ ಗೋಪುರದಲ್ಲಿ ಎಲ್ಲರಿಗಿಂತ ಎತ್ತರದಲ್ಲಿ ನೇತಾಡುವವನು ನೀನೇ, ಅಲ್ಲಿಂದ ಹಿಮ್ಮುಖವಾಗಿ ಬಿಟ್ಟಾಗ ಕೊನೆಯ ಸಾಲಿನವನೂ ನೀನೇ.