ಕಿತ್ತಳೆ ಹಣ್ಣಿನಲ್ಲಿ ಸೂಜಿಮೊನೆಯಷ್ಟು ತೂತು: ಇದು ಪತಂಗದ ಕೆಲಸವಾ?

ಸೋಮವಾರಪೇಟೆ ತೋಟ:
ನಮಸ್ಕಾರ. ಕಾಫಿ ಮಧ್ಯೆ ಒಂದಿಷ್ಟು ಕಿತ್ತಳೆ ಗಿಡ ಇವೆ. ಬಣ್ಣ ತಿರುಗುವ ಹೊತ್ತಿಗೆ ಹಣ್ಣು ಉದುರುತ್ತಿವೆ. ಸಿಪ್ಪೆಯಲ್ಲಿ ಒಂದೇ ಒಂದು ಸಣ್ಣ ತೂತು, ಸುತ್ತ ಕಂದು ಕಲೆ. ಒತ್ತಿದರೆ ರಸ ಚಿಮ್ಮುತ್ತದೆ. ಬಿಡಿಸಿ ನೋಡಿದರೆ ಒಳಗೆ ಹುಳ ಇಲ್ಲ. ಹಣ್ಣು ನೊಣದ ಟ್ರ್ಯಾಪ್ ಕಟ್ಟಿದ್ದೇನೆ, ಏನೂ ಕಡಿಮೆಯಾಗಿಲ್ಲ. ನಿನ್ನೆ ರಾತ್ರಿ ಟಾರ್ಚ್ ಬಿಟ್ಟಾಗ ಹಣ್ಣಿನ ಮೇಲೆ ದೊಡ್ಡ ಪತಂಗ ಕೂತಿತ್ತು. ಮೇಲಿನ ರೆಕ್ಕೆ ತರಗೆಲೆಯ ಬಣ್ಣ. ಎದ್ದು ಹಾರಿದಾಗ ಕೆಳಗಿನ ರೆಕ್ಕೆ ಕೆಂಪು ಹಳದಿ, ನಡುವೆ ಕಪ್ಪು ಬೊಟ್ಟು. ಇದೇ ಚುಚ್ಚುತ್ತಿದೆಯಾ?

ಶಿರಸಿ ಕೃಷಿಕ:
ಪತಂಗ ಇರಲಾರದು ಅಣ್ಣ. ಅವುಗಳ ನಾಲಿಗೆ ಮೆತ್ತಗಿರುತ್ತದೆ, ಸಿಪ್ಪೆ ತೂರಲ್ಲ. ಯಾವುದೋ ಹುಳ ಮಾಡಿದ ತೂತಿಗೆ ರಸ ಕುಡಿಯೋಕೆ ಬಂದಿರಬೇಕು.

ಬಳ್ಳಿಮನೆ ಸಾಗರ:
ಶಿರಸಿಯವರು ಹೇಳಿದ್ದು ಹೆಚ್ಚಿನ ಪತಂಗಗಳ ಮಟ್ಟಿಗೆ ನಿಜ. ಆದರೆ ಇದು ಬೇರೆ ಜಾತಿ. ಅಣ್ಣ, ನೀವು ನೋಡಿದ್ದು ಯೂಡೋಸಿಮಾ ಮೆಟರ್ನಾ. ಹಣ್ಣು ಹೀರುವ ಪತಂಗ ಅಂತಾರಲ್ಲ, ಆ ಗುಂಪಿನದು. 1767ರಲ್ಲೇ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಹೆಸರಿಟ್ಟಿದ್ದಾನೆ. ಆಫ್ರಿಕಾದಿಂದ ಆಸ್ಟ್ರೇಲಿಯಾವರೆಗೆ ಇದೆ. ಆದರೂ ತೋಟದವರಿಗೇ ಇದರ ಪರಿಚಯ ಕಡಿಮೆ, ಯಾಕೆಂದರೆ ಬರುವುದು ಕತ್ತಲಾದ ಮೇಲೆ. ಇದರ ಹತ್ತಿರದ ಸಂಬಂಧಿ ಯೂಡೋಸಿಮಾ ಫಲೋನಿಯಾ. ಅದರ ರೆಕ್ಕೆಯ ಕಪ್ಪು ಗುರುತು ದುಂಡಗಿರುವುದಿಲ್ಲ, ಬಾಗಿರುತ್ತದೆ.

ಇವುಗಳ ಸೊಂಡಿಲು ಗಿಡ್ಡ, ಗಟ್ಟಿ. ತುದಿಯಲ್ಲಿ ಕೊಕ್ಕೆಯಂಥ ಮುಳ್ಳುಗಳಿವೆ. ಅದನ್ನು ಆ ಕಡೆ ಈ ಕಡೆ ತಿರುಗಿಸುತ್ತಾ ಸಿಪ್ಪೆ ಕೊರೆದು ಒಳಗಿಳಿಸುತ್ತದೆ. ದಾಳಿಂಬೆಯ ಗಟ್ಟಿ ಸಿಪ್ಪೆಯನ್ನೂ ಬಿಡುವುದಿಲ್ಲ. ಆಮೇಲೆ ಅದೇ ತೂತಿಗೆ ಬೇರೆ ಪತಂಗಗಳು ಬರುತ್ತವೆ, ಬೂಷ್ಟು ಸೇರುತ್ತದೆ, ಹಣ್ಣು ಕೊಳೆತು ಬೀಳುತ್ತದೆ. ಹಣ್ಣು ನೊಣ ಆಗಿದ್ದರೆ ಒಳಗೆ ಬಿಳಿ ಹುಳ ಕಾಣಬೇಕಿತ್ತು. ನಿಮ್ಮ ಟ್ರ್ಯಾಪಿನ ಮದ್ದಿಗೆ ಗಂಡು ನೊಣ ಬರುತ್ತದೆ, ಪತಂಗ ಬರುವುದಿಲ್ಲ.

ಇದರ ಮರಿಹುಳ ಹಣ್ಣು ಮುಟ್ಟುವುದೇ ಇಲ್ಲ. ಅದಕ್ಕೆ ಅಮೃತಬಳ್ಳಿ, ದಾಗಡಿಬಳ್ಳಿಯಂಥ ಬಳ್ಳಿಗಳ ಎಲೆ ಬೇಕು. ನಮ್ಮ ಬಚ್ಚಲುಮನೆ ಗೋಡೆಗೆ ಹಬ್ಬಿದ ಅಮೃತಬಳ್ಳಿಯಲ್ಲಿ ಮಳೆಗಾಲದಲ್ಲಿ ಸಿಗುತ್ತವೆ. ಮೈ ಮಖಮಲ್ಲಿನಷ್ಟು ನುಣುಪು. ಹುಲ್ಲುಕಡ್ಡಿಯಲ್ಲಿ ಮುಟ್ಟಿ ನೋಡಿ, ತಲೆ ಒಳಕ್ಕೆ ಮಡಚಿ ಬಾಲ ಮೇಲೆತ್ತುತ್ತದೆ. ಆಗ ಪಕ್ಕದ ಎರಡು ಕಣ್ಣಿನ ಗುರುತುಗಳು ಎದುರಿಗೆ ಬರುತ್ತವೆ. ಅದು ಬರೀ ಬಣ್ಣ ಅಂತ ಗೊತ್ತಿದ್ದೂ ನನ್ನ ಕೈ ಹಿಂದೆ ಸರಿಯುತ್ತದೆ! ಎಷ್ಟು ನೋಡಿದರೂ ಬೇಜಾರಾಗುವುದಿಲ್ಲ.

ಸೋಮವಾರಪೇಟೆ ತೋಟ:
ತುಂಬಾ ಥ್ಯಾಂಕ್ಸ್ ಅಕ್ಕ. ಬೇಲಿ ತುಂಬಾ ಅಮೃತಬಳ್ಳಿ ಇದೆ. ಕಡಿಸಿಬಿಡಲಾ? ಇಲ್ಲಾ ಔಷಧಿ ಹೊಡೆಯಲಾ?

ಬಳ್ಳಿಮನೆ ಸಾಗರ:
ಎರಡೂ ಬೇಡ ಅಂತ ನನ್ನ ಅಭಿಪ್ರಾಯ. ಬಳ್ಳಿ ಕಡಿಯಿರಿ ಅಂತ ಸಲಹೆ ಕೊಡುವವರಿದ್ದಾರೆ. ಬಯಲುಸೀಮೆಯ ಒಂಟಿ ತೋಟದಲ್ಲಿ ಅದು ನಡೆಯಬಹುದು. ನಿಮ್ಮ ಸುತ್ತ ಕಾಡಿದೆ, ಕಾಡಿನ ಬಳ್ಳಿ ಕಡಿದು ಮುಗಿಯುತ್ತಾ? ಪತಂಗ ದೂರದಿಂದ ಹಾರಿ ಬರುತ್ತದೆ, ಕುಡಿದು ಹೋಗುತ್ತದೆ. ಬೇಲಿ ಬೋಳಾಗುತ್ತದೆ ಅಷ್ಟೆ. ಔಷಧಿಯೂ ದಂಡ. ಪತಂಗ ಎಲೆ ತಿನ್ನುವುದಿಲ್ಲ, ಸಿಪ್ಪೆ ಜಗಿಯುವುದಿಲ್ಲ, ಒಳಗಿನ ರಸ ಮಾತ್ರ ಹೀರುತ್ತದೆ. ಮಾಗಿದ ಹಣ್ಣಿಗೆ ಹೊಡೆದ ವಿಷ ತಿನ್ನುವವರ ಹೊಟ್ಟೆಗೇ ಹೋಗೋದು ಜಾಸ್ತಿ.

ಸ್ವಲ್ಪ ಗಿಡ ಆದ್ದರಿಂದ ಬಲೆ ಹಾಕಿ. ಕೋಲು ನೆಟ್ಟು ಗಿಡದಿಂದ ದೂರಕ್ಕೆ ನಿಲ್ಲಿಸಿ. ಬಲೆ ಹಣ್ಣಿಗೆ ತಾಗಿದ್ದರೆ ಹೊರಗೆ ಕೂತೇ ಚುಚ್ಚುತ್ತದೆ. ಬಿದ್ದ ಹಣ್ಣನ್ನು ದಿನಾ ಹೆಕ್ಕಿ ಹೂಳಿ, ಹುಳಿ ವಾಸನೆಗೆ ಇನ್ನಷ್ಟು ಬರುತ್ತವೆ. ಸಂಜೆ ಹೊಗೆ ಹಾಕುವ ರೂಢಿಯೂ ಇದೆ, ಗಾಳಿ ಇಲ್ಲದ ದಿನ ಪರವಾಗಿಲ್ಲ.

ಶಿರಸಿ ಕೃಷಿಕ:
ಅಕ್ಕ, ನಮ್ಮ ಪೇರಳೆಗೂ ಇದೇ ಥರ ತೂತು ಬೀಳುತ್ತದೆ. ಪೇರಳೆಗೂ ಬರುತ್ತದಾ?

ಬಳ್ಳಿಮನೆ ಸಾಗರ:
ಬರುತ್ತದೆ. ಮಾವು, ಪೇರಳೆ, ದ್ರಾಕ್ಷಿ, ಬಾಳೆ ಯಾವುದೂ ಆದೀತು. ಇವತ್ತೇ ರಾತ್ರಿ ಊಟ ಮುಗಿಸಿ ಟಾರ್ಚ್ ಹಿಡಿದು ಹೋಗಿ ನೋಡಿ. ಗಾಜಿಗೆ ಕೆಂಪು ಕಾಗದ ಕಟ್ಟಿಕೊಳ್ಳಿ, ಬೇಗ ಹಾರಿಹೋಗುವುದಿಲ್ಲ. ಫೋಟೋ ಸಿಕ್ಕರೆ ಇಲ್ಲೇ ಹಾಕಿ. ಕೆಳಗಿನ ರೆಕ್ಕೆ ಕಾಣುವ ಹಾಗಿರಲಿ, ಯಾವ ಜಾತಿ ಅಂತ ಹೇಳುತ್ತೇನೆ.